ಮಾಲೀಕರ ಸಹಿ

ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆ, ಅದರಡಿಯಲ್ಲಿ ಪೆಟ್ರೋಲಿನದು, ಎರಡರ ನಡುವೆ ಎಲ್ಲೋ ಅಪ್ಪನ ಬೆವರಿನದು. ಐದು ವರ್ಷದವನಿದ್ದಾಗ ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು ಸ್ಟಿಯರಿಂಗ್ ಹಿಡಿಸಿದ ದಿನ ಮೂಗಿಗೆ ಹತ್ತಿದ ವಾಸನೆ ಅದು. ಮೂವತ್ತೆರಡು ವರ್ಷವಾಗಿತ್ತು. ಈಗಲೂ ಬೆಳಿಗ್ಗೆ ವ್ಯಾನಿನ ಬಾಗಿಲು ತೆರೆದ ಕೂಡಲೇ ಅದು ಎದುರುಗೊಂಡು, ಈ ಗಾಡಿ ನಿನ್ನದು ಎನ್ನುತ್ತಿತ್ತು. ಆರ್‌ಸಿ ಬುಕ್ಕು ಮಾತ್ರ ಬೇರೆ ಮಾತು ಹೇಳುತ್ತಿತ್ತು.

ಅಪ್ಪ ತೀರಿಕೊಂಡಾಗ ಅವನಿಗೆ ಸಹಿ ಹಾಕುವ ವಯಸ್ಸಿಗೆ ನಾಲ್ಕು ತಿಂಗಳು ಕಡಿಮೆಯಿತ್ತು. ಹಾಗಾಗಿ ವ್ಯಾನು ಅಣ್ಣನ ಹೆಸರಿಗೆ ಹೋಯಿತು. ಅಣ್ಣ ದರ್ಜಿ. ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ಕೇಳಿದರೆ ಎರಡೂ ಕಾಲಿನ ಕೆಳಗಿವೆ ಎನ್ನುವಷ್ಟು ತಿಳಿದವನು. ಇಪ್ಪತ್ತು ವರ್ಷ ಓಡಿಸಿದ್ದು ತಮ್ಮ. ಎರಡು ಸಲ ಎಂಜಿನ್ ಇಳಿಸಿ ಕೂರಿಸಿದ್ದೂ ತಮ್ಮನೇ. ಎಳೆಯುವ ಕತ್ತೆ ಒಂದು, ಹೆಸರು ಇನ್ನೊಂದರದು.

ಅದನ್ನೂ ನುಂಗಿಕೊಂಡೇ ಇದ್ದ, ಸೋಫಾ ಅಂಗಡಿಯವರು ಸಾಗಣೆಗೆ ವರ್ಷದ ಕರಾರು ಮುಂದಿಡುವ ತನಕ. ಸಹಿ ಹಾಕಲು ಅವನು ಪೆನ್ನು ತೆಗೆದಾಗ ಅಂಗಡಿಯವರು ಕಾಗದವನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡರು.

"ಡ್ರೈವರ್ ಸಹಿ ನಡೆಯಲ್ಲಪ್ಪ. ಮಾಲೀಕರದ್ದು ಬೇಕು."

ಅಲ್ಲಿಂದ ನೇರ ಅಣ್ಣನ ಹೊಲಿಗೆ ಅಂಗಡಿಗೆ ಹೋದ. "ಗಾಡೀನ ನನ್ನ ಹೆಸರಿಗೆ ಮಾಡ್ಕೊಡು," ಎಂದ.

ಅಣ್ಣನ ಬಾಯಲ್ಲಿ ಯಾವತ್ತಿನಂತೆ ನಾಲ್ಕು ಗುಂಡುಪಿನ್ನು. ಕತ್ತರಿಸುತ್ತಿದ್ದ ಬಟ್ಟೆಯಿಂದ ಕಣ್ಣೆತ್ತದೆ, "ನೋಡೋಣ," ಎಂದ.

"ಏನು ನೋಡೋದು? ಇಪ್ಪತ್ತು ವರ್ಷದಿಂದ ನೋಡ್ತಾನೇ ಇದೀಯಲ್ಲ."

"ನೋಡೋಣ ಅಂದ್ನಲ್ಲ ಚಿಕ್ಕ."

ತಲೆಯಲ್ಲಿ ನರೆ ಇಣುಕುತ್ತಿದ್ದರೂ ಆ ಮನೆಯಲ್ಲಿ ಅವನು ಚಿಕ್ಕ. ಅತ್ತಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ನಿಲ್ಲಿಸಿ ಇಬ್ಬರನ್ನೂ ನೋಡಿದಳು. "ಡಬ್ಬಿ ಖಾಲಿ ಮಾಡಿದ್ಯಾ, ಹಾಗೇ ತಂದ್ಯಾ?" ಎಂದಳು. ಅವನು ಹೊರಟ.

ಡಬ್ಬಿ ಎಂದರೆ ಮಧ್ಯಾಹ್ನದ ಊಟ. ದಿನಾ ಬೆಳಿಗ್ಗೆ ಅವನು ಬರುವ ಮೊದಲೇ ಅದು ವ್ಯಾನಿನ ಸೀಟಿನ ಮೇಲೆ ಕುಳಿತಿರುತ್ತಿತ್ತು. ಕೈ ಸುಡದಿರಲೆಂದು ಹೊಲಿಗೆಯಲ್ಲಿ ಉಳಿದ ಬಟ್ಟೆ ಸುತ್ತಿರುತ್ತಿತ್ತು. ಮುಚ್ಚಳಕ್ಕೊಂದು ಚೀಟಿ. ಅಣ್ಣ ಪಿನ್ನಿನ ಜೊತೆ ಬಾಯಲ್ಲೇ ಇಟ್ಟುಕೊಂಡ ಮಾತುಗಳನ್ನು ಅತ್ತಿಗೆ ಅಳತೆ ತೆಗೆಯುವ ತೆಳು ಕಾಗದದ ಚೂರಿನಲ್ಲಿ ಬರೆದು ಸಿಕ್ಕಿಸುತ್ತಿದ್ದಳು. 'ಮುಂದಿನ ಟೈರು ಸವೆದಿದೆಯಂತೆ, ನೋಡಿಕೋ.' 'ಜ್ವರ ಪೂರ್ತಿ ಬಿಟ್ಟಿಲ್ಲ, ಬೇಗ ಬಾ.' ಅಣ್ಣತಮ್ಮಂದಿರ ಮಾತುಕತೆ ನಡೆಯುತ್ತಿದ್ದದ್ದೇ ಹಾಗೆ. 'ನೋಡೋಣ'ದ ನಂತರ ಅವನು ಚೀಟಿ ಓದುವುದನ್ನು ಬಿಟ್ಟ. ಕನ್ನಡಿ ಒರೆಸಲು ಆ ಕಾಗದ ಬಹಳ ಚೆನ್ನಾಗಿತ್ತು.

ಮುಂದಿನ ವಾರ, ಅಣ್ಣ ಅತ್ತಿಗೆ ಅಂಗಡಿಯಲ್ಲಿದ್ದ ಹೊತ್ತು ನೋಡಿ ಮನೆಯ ಬೀರು ತೆಗೆದ. ಎರಡನೆಯ ಖಾನೆಯಲ್ಲಿ, ಅಪ್ಪನ ಫೋಟೋದ ಕೆಳಗೆ ಇಪ್ಪತ್ತು ವರ್ಷದಿಂದ ಇದ್ದ ಪ್ಲಾಸ್ಟಿಕ್ ಕವರು ಅಲ್ಲೇ ಇತ್ತು. ಒಳಗೆ ಬುಕ್ಕು ಇರಲಿಲ್ಲ.

ಓಹೋ, ನನ್ನಿಂದ ಬಚ್ಚಿಟ್ಟಿದ್ದಾನೆ.

ಮೊದಲು ಕಿವಿ ಬಿಸಿಯಾಯಿತು. ಬೀರುವಿನ ಬಾಗಿಲು ಮುಚ್ಚುವಷ್ಟರಲ್ಲಿ ತಲೆ ತಣ್ಣಗಾಗಿತ್ತು. ಇಲ್ಲದ ಬುಕ್ಕು ಕಳೆದುಹೋದ ಬುಕ್ಕು. ಕಳೆದುಹೋದ ಬುಕ್ಕಿಗೆ ಸರಕಾರ ನಕಲು ಕೊಡುತ್ತದೆ. ನಕಲು ಕೈಗೆ ಬಂದರೆ ಅಸಲಿಗೆ ಬೆಲೆಯಿಲ್ಲ. ಅಣ್ಣ ಅದನ್ನು ಎಲ್ಲಿ ಬಚ್ಚಿಟ್ಟಿದ್ದಾನೋ ಅಲ್ಲೇ ಗೆದ್ದಲಿಗೆ ಹಾಕಲಿ. ನಕಲಿನ ಮೇಲೆ ಅಣ್ಣನ ಇನ್ನೊಂದು ಸಹಿ ಮಾಡಿದರೆ ಗಾಡಿ ತನ್ನ ಹೆಸರಿಗೆ. ಆಮೇಲೆ ಬೇಕಾದರೆ ನೋಡಲಿ, ಕಣ್ತುಂಬ.

ಅಂದಿನಿಂದ ಅವನ ಕಾಲು ಒಂದೆಡೆ ನಿಲ್ಲಲಿಲ್ಲ. ಕೆಂಪು ದೀಪ ಹಸಿರಾಗುವ ತನಕ ಬೆರಳುಗಳು ಸ್ಟಿಯರಿಂಗನ್ನು ಬಡಿಯುತ್ತಿದ್ದವು. ಸೋಫಾ ಇಳಿಸುವಾಗಲೂ ಮನಸ್ಸು ಕಾಗದಗಳನ್ನು ಜೋಡಿಸುತ್ತಿತ್ತು. ಸಾರಿಗೆ ಕಚೇರಿಯ ಎದುರು ಕೊಡೆಯಡಿ ಕೂರುವ ಏಜೆಂಟನನ್ನು, ಗೆಳೆಯನೊಬ್ಬನ ಸಲುವಾಗಿ ಎಂಬಂತೆ ವಿಚಾರಿಸಿದ.

"ಹರಿದೋಗಿದ್ರೆ ಹರಿದ ಬುಕ್ಕು ತಂದು ಕೊಡ್ಬೇಕು. ಕಳೆದೋಗಿದ್ರೆ ಏನು ತರ್ತೀರ?" ಏಜೆಂಟ ನಕ್ಕ. "ಪೊಲೀಸರ ಚೀಟಿ, ಅಫಿಡವಿಟ್ಟು, ಮಾಲೀಕರ ಸಹಿ, ಚಾಸಿ ನಂಬರಿನ ಅಚ್ಚು. ಅಷ್ಟೇ. ನಿಮ್ಮ ಗೆಳೆಯರಿಗೆ ಧೈರ್ಯವಾಗಿರಕ್ಕೆ ಹೇಳಿ."

ಕಳವಾಯಿತು ಎಂದರೆ ಪೊಲೀಸರು ಕಳ್ಳನನ್ನು ಹುಡುಕುತ್ತಾರೆ; ಕಳೆಯಿತು ಎಂದರೆ ಯಾರೂ ಯಾರನ್ನೂ ಹುಡುಕುವುದಿಲ್ಲ. ಹಾಗಾಗಿ ಕಳೆಯಿತು ಎಂದೇ ಬರೆದ. ಶುಕ್ರವಾರ, ಪೆಟ್ರೋಲ್ ಬಂಕಿಗೂ ಗೋದಾಮಿಗೂ ನಡುವೆ. ಆ ದಿನ ಆ ದಾರಿಯಲ್ಲಿ ಅವನು ನಿಜಕ್ಕೂ ಓಡಾಡಿದ್ದ, ರಸೀದಿ ಇತ್ತು. ಸುಳ್ಳಿನ ಸುತ್ತ ಮುಕ್ಕಾಲು ಪಾಲು ಸತ್ಯವನ್ನೇ ಸುತ್ತಿದರೆ ಒಳಗಿನದು ಯಾರ ಕೈಯನ್ನೂ ಸುಡುವುದಿಲ್ಲ. ಠಾಣೆಯಲ್ಲಿ ಪೇದೆಯೊಬ್ಬ ಅವನ ಬೆವರು ನೋಡಿ ಕೇಳದೆಯೇ ನೀರಿನ ಲೋಟ ಮುಂದಿಟ್ಟ. ಅಣ್ಣನಿಗೆ ಮಂಡಿ ನೋವು, ಬರಲಾಗಲಿಲ್ಲ ಎಂದಾಗ, "ಪಾಪ, ಎಣ್ಣೆ ತಿಕ್ಕಕ್ಕೆ ಹೇಳಿ," ಎಂದು ಮುದ್ರೆ ಒತ್ತಿದ. ನೋಟರಿ ತಲೆಯೆತ್ತಲೇ ಇಲ್ಲ.

ಸಹಿಗೆ ಮಾತ್ರ ಮೂರು ದಿನ ಹಿಡಿಯಿತು. ಅಣ್ಣನ ಸಹಿಯ ಕೊನೆಯಲ್ಲಿ ಸೂಜಿಗೆ ಪೋಣಿಸಿ ಬಿಟ್ಟ ದಾರದಂಥ ಒಂದು ಸುರುಳಿಯಿತ್ತು. ಅದನ್ನು ವ್ಯಾನಿನ ಬಾನೆಟ್ಟಿನ ಧೂಳಿನಲ್ಲಿ ಬರೆದ, ಅಳಿಸಿದ, ಮತ್ತೆ ಬರೆದ. ಕೊನೆಗೆ ತನ್ನ ಸಹಿಗಿಂತ ಅಣ್ಣನದೇ ಸರಾಗವಾಗಿ ಬಂತು.

ಚಾಸಿಯ ಅಚ್ಚನ್ನು ಶನಿವಾರ ಮಧ್ಯಾಹ್ನ, ಗೋದಾಮಿನ ಹಿಂದೆ ವ್ಯಾನಿನಡಿ ಅಂಗಾತ ಮಲಗಿ ತೆಗೆದ. ಗಾಡಿಯ ಚೌಕಟ್ಟಿನಲ್ಲಿ ಕೊರೆದ ಅಂಕಿಗಳ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಬೇಕು. ಜೇಬಿನಲ್ಲಿದ್ದ ದಪ್ಪ ಹಾಳೆಯಲ್ಲಿ ಏನೂ ಮೂಡಲಿಲ್ಲ. ಕಾವಲುಗಾರನ ಹೆಜ್ಜೆ ಕೇಳಿಸಿತು. ತೆವಳಿಕೊಂಡು ಹೊರಬಂದು, ಕೈಗೆ ಸಿಕ್ಕ ತೆಳು ಕಾಗದವನ್ನು ಡಬ್ಬಿಯ ಮುಚ್ಚಳದಿಂದ ಕಿತ್ತುಕೊಂಡು ಮತ್ತೆ ಒಳನುಸುಳಿದ. ಅದರಲ್ಲಿ ಅಂಕಿಗಳು ಒಂದೊಂದಾಗಿ, ಬೆಳ್ಳಗೆ, ತಪ್ಪಿಲ್ಲದೆ ಎದ್ದು ಬಂದವು.

ಸೋಮವಾರ ಅರ್ಜಿ ಕೊಟ್ಟ. ಕೌಂಟರಿನ ಗುಮಾಸ್ತೆ ಕನ್ನಡಕದ ಹೆಂಗಸು. ಅವನು ಗೋಂದಿಗಾಗಿ ಅತ್ತಿತ್ತ ಹುಡುಕುವುದನ್ನು ಕಂಡು ತನ್ನ ಶೀಶೆಯನ್ನೇ ಕೊಟ್ಟಳು. "ಅಚ್ಚು ಪೂರ್ತಿ ಅಂಟಿಸ್ಬೇಡಿ, ಮೇಲಿನ ಅಂಚು ಸಾಕು. ತಾಳೆ ನೋಡಕ್ಕೆ ಎತ್ಬೇಕಾಗತ್ತೆ. ಗುರುವಾರ ಬನ್ನಿ. ನಕಲು, ಹೆಸರು ಬದಲಾವಣೆ ಎಲ್ಲ ಗುರುವಾರಾನೇ."

ಗುರುವಾರ ಬೆಳಿಗ್ಗೆ ಸೀಟಿನ ಮೇಲೆ ಡಬ್ಬಿ ಇರಲಿಲ್ಲ. ಸರಿ, ಬುಕ್ಕಾಯಿತು, ಈಗ ಅನ್ನಕ್ಕೂ ಬಂತು ಎಂದುಕೊಂಡ. ಮನಸ್ಸಿನ ಮೂಲೆಯಲ್ಲಿದ್ದ ಸಣ್ಣ ಅಳುಕೂ ಹೋಯಿತು. ಹನ್ನೊಂದಕ್ಕೆ ಕಚೇರಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಕೌಂಟರಿನೆದುರಿನ ಬೆಂಚಿನ ಮೇಲೆ ಅಣ್ಣ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ಪಿನ್ನಿಲ್ಲ. ಪಕ್ಕದಲ್ಲಿ ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು ಅತ್ತಿಗೆ.

"ಬಂದ್ಯಾ ಚಿಕ್ಕ? ಬರ್ತೀಯೋ ಇಲ್ವೋ ಅಂತ ಇವಳಿಗೆ ಬೆಳಗ್ಗಿಂದ ಒಂದೇ ಚಿಂತೆ."

ಏಜೆಂಟ ಬಾಯಿಬಿಟ್ಟನೇ? ಪೇದೆಯೇ? ಅವನ ತಲೆ ಗಾಣದಂತೆ ತಿರುಗಿತು. ಅಷ್ಟರಲ್ಲಿ ಗುಮಾಸ್ತೆ ವ್ಯಾನಿನ ನಂಬರು ಕೂಗಿದಳು. ಅಣ್ಣ ಮಂಡಿ ಹಿಡಿದುಕೊಂಡು ಎದ್ದ. ಚಿಕ್ಕನೂ ಹಿಂದೆಯೇ ಹೋಗಿ ನಿಂತ.

ಮೇಜಿನ ಮೇಲೆ ಒಂದೇ ನಂಬರಿನ ಎರಡು ಕಡತಗಳಿದ್ದವು. ಗುಮಾಸ್ತೆ ಒಂದರಿಂದ ಹಳೆಯ, ಅಂಚು ಸವೆದ ಬುಕ್ಕನ್ನು ತೆಗೆದಿಟ್ಟಳು. "ಶುಕ್ರವಾರ ರಸ್ತೇಲಿ ಕಳೆದೋದ ಬುಕ್ಕು, ಅದರ ಹಿಂದಿನ ಬುಧವಾರದಿಂದ ನಮ್ಮ ಹತ್ರಾನೇ ಇದೆಯಲ್ಲ?" ಎಂದು ಅಣ್ಣನತ್ತ ತಿರುಗಿದಳು. "ಈ ಅರ್ಜಿ ನೀವು ಕೊಟ್ಟಿದ್ದಾ? ಸಹಿ ನಿಮ್ಮದೇನಾ?"

ಅಣ್ಣ ಬಗ್ಗಿ ನೋಡಿದ. ಸೂಜಿಯ ದಾರದಂಥ ಸುರುಳಿಯ ಮೇಲೆ ಅವನ ಕಣ್ಣು ತುಂಬ ಹೊತ್ತು ನಿಂತಿತು. ಇನ್ನೂ ದಾರಿಯಿದೆ, ಚಿಕ್ಕ ಯೋಚಿಸಿದ. ಎಲ್ಲ ಏಜೆಂಟನ ಕೆಲಸ, ನಾನು ಬರೀ ತಂದುಕೊಟ್ಟವನು ಎನ್ನಬಹುದು. ಇದರಲ್ಲಿ ನನ್ನ ಹೆಸರು ಎಲ್ಲೂ ಇಲ್ಲ.

ಗುಮಾಸ್ತೆ ತಾಳೆ ನೋಡಲೆಂದು ಚಾಸಿಯ ಅಚ್ಚನ್ನು ಬೆರಳ ತುದಿಯಿಂದ ಎತ್ತಿದಳು. ಮೇಲಿನ ಅಂಚಿನಲ್ಲಿ ಮಾತ್ರ ಅಂಟಿದ್ದ ತೆಳು ಕಾಗದ ಸಲೀಸಾಗಿ ಮಗುಚಿತು. ಹಿಂಬದಿಯಲ್ಲಿ ನೀಲಿ ಶಾಯಿಯ ದುಂಡು ಅಕ್ಷರಗಳು. ಆಕೆ ಓದಿ, ಇನ್ನೊಮ್ಮೆ ಓದಿ, ಕಡತವನ್ನು ಚಿಕ್ಕನತ್ತ ತಿರುಗಿಸಿದಳು. ಎಷ್ಟೋ ದಿನಗಳ ನಂತರ ಅವನು ಅತ್ತಿಗೆಯ ಚೀಟಿ ಓದಿದ: 'ಚಿಕ್ಕ, ಗಾಡಿಯನ್ನು ನಿನ್ನ ಹೆಸರಿಗೆ ಮಾಡಿಸಲು ನಿಮ್ಮಣ್ಣ ಹೋದ ವಾರ ಬುಧವಾರವೇ ಬುಕ್ಕನ್ನು ಕಚೇರಿಗೆ ಕೊಟ್ಟು ಬಂದಿದ್ದಾರೆ. ಬರುವ ಗುರುವಾರ ಹನ್ನೊಂದಕ್ಕೆ ಅಲ್ಲಿಗೆ ಬಾ. ಇನ್ನು ಬೇಕಾಗಿರುವುದು ನಿನ್ನ ಸಹಿ ಒಂದೇ. ಆವತ್ತು ಡಬ್ಬಿ ಅಲ್ಲಿಗೇ ತರುತ್ತೇನೆ.' ಗುಮಾಸ್ತೆ ಫೋನಿಗೆ ಕೈ ಹಾಕಿ, ತಗ್ಗಿದ ದನಿಯಲ್ಲಿ ಠಾಣೆಯ ನಂಬರು ಕೇಳಿದಳು. ಅಣ್ಣ ಬೆಂಚಿಗೆ ಮರಳಿ ಕುಳಿತ. ಅತ್ತಿಗೆ ಎದ್ದು ಬಂದಳು, ಚೀಟಿಯನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಚೀಲದಿಂದ ಡಬ್ಬಿ ತೆಗೆದು, ಸುತ್ತಿದ್ದ ಬಟ್ಟೆಯನ್ನು ಸರಿಮಾಡಿ, ಅವನ ಎರಡೂ ಕೈಗಳಲ್ಲಿ ಇಟ್ಟಳು.