ಕಡಿಮೆ ಬಿದ್ದ ಮೂವತ್ತೊಂದು ಮಾತ್ರೆ

ಅಣುಸ್ಥಾವರ ಕಟ್ಟುವ ಮೊದಲು ನಡೆದ ಸಭೆಯಲ್ಲಿ ಅಧಿಕಾರಿಯೊಬ್ಬರು ಮೇಜು ಗುದ್ದಿ ಮಾತು ಕೊಟ್ಟಿದ್ದರಂತೆ: "ಸೈರನ್ ಎಷ್ಟು ಮನೆಗೆ ಕೇಳುತ್ತೋ ಅಷ್ಟೂ ಮನೆಯ ಮಕ್ಕಳಿಗೆ ಮಾತ್ರೆ ಕೊಡ್ತೀವಿ." ನಾನಾಗ ಈ ಮನೆಗೆ ಸೊಸೆಯಾಗಿ ಬಂದಿರಲಿಲ್ಲ. ಮುಂದಿನ ಸಾಲಲ್ಲಿ ಕೂತು ಕೇಳಿಸಿಕೊಂಡವರು ನಮ್ಮ ಮಾವ. ಮೂವತ್ತು ವರ್ಷ ಮನೆಮನೆಯ ಕರೆಂಟು ಮೀಟರ್ ಓದಿದವರಾದ್ದರಿಂದ ಅವರು ಎಲ್ಲರಿಗೂ ಮೀಟರ್ ಮಾವ. ಕಳವಾಗಲಿ, ಬೆಕ್ಕು ಕಾಣೆಯಾಗಲಿ, ಪೊಲೀಸರಿಗಿಂತ ಮೊದಲು ಅವರಿಗೇ ಕರೆ ಹೋಗುತ್ತಿತ್ತು.

ಆ ಬುಧವಾರ ಕರೆದವಳು ನಾನೇ. ಸ್ಥಾವರದ ಹತ್ತಿರದ ಶಾಲೆಯಲ್ಲಿ ನಾನು ಗುಮಾಸ್ತೆ. ವಿಕಿರಣ ಸೋರಿದರೆ ಮಕ್ಕಳಿಗೆ ನುಂಗಿಸಲೆಂದು ನರ್ಸಮ್ಮನ ಬೀರುವಿನಲ್ಲಿ ಇನ್ನೂರ ಹನ್ನೆರಡು ಅಯೋಡಿನ್ ಮಾತ್ರೆಗಳಿದ್ದವು. ನಾಲ್ಕನೇ ಕ್ಲಾಸಿನ ನನ್ನ ಮಗಳ ಪಾಲಿನದೂ ಅದರಲ್ಲಿತ್ತು. ಅಂದಿನ ಅಣಕು ಕವಾಯತು ಮುಗಿದಾಗ ಮೂವತ್ತೊಂದು ಕಡಿಮೆ ಬಿದ್ದವು.

"ಬೆಳಿಗ್ಗೆ ಎಣಿಸಿ ಸಹಿ ಹಾಕಿದವಳು ನೀನೊಬ್ಬಳೇ," ಎಂದು ದೊಡ್ಡ ಟೀಚರ್ ನರ್ಸಮ್ಮನಿಗೆ ಹೇಳಿದರು. "ಮೂರು ಗಂಟೆಗೆ ತಪಾಸಣೆಯವರು ಬರ್ತಾರೆ. ಅಷ್ಟರಲ್ಲಿ ಸಿಗದಿದ್ರೆ ನಿನ್ನ ಕೆಲಸ ಉಳಿಸೋಕೆ ನನ್ನ ಕೈಲಾಗಲ್ಲ."

ನರ್ಸಮ್ಮನ ಸಂಬಳದ ಮೇಲೆ ಮೂರು ಜನರ ಊಟ ನಿಂತಿತ್ತು.

ಮಾವ ಸೈಕಲ್ ನಿಲ್ಲಿಸಿ ಬಂದವರೇ ಕೇಳಿದರು: "ಬೀರುವಿಗೆ ಬೀಗ ಇರಲಿಲ್ವೇನಮ್ಮಾ?"

"ಸೈರನ್ ಕೂಗಿದ ಕೂಡಲೇ ಬೀಗ ತೆಗೆದಿಟ್ಟೇ ಹೋಗಬೇಕು ಮಾವ," ಎಂದಳು ನರ್ಸಮ್ಮ. "ಗಾಬರೀಲಿ ಕೀ ಕಳೆದುಹೋದ್ರೆ? ಕವಾಯತಲ್ಲಿ ಮಾತ್ರೆ ಬದಲು ಪೆಪ್ಪರ್‌ಮಿಂಟ್ ಕೊಡ್ತೀವಿ. ನಾನು ದೊಡ್ಡ ಹಾಲ್‌ನಲ್ಲಿ ಅದನ್ನೇ ಹಂಚ್ತಾ ಇದ್ದೆ."

ಹಾಲ್‌ನಲ್ಲಿ ಮಕ್ಕಳು, ಟೀಚರುಗಳು, ಎಲ್ಲರ ಲೆಕ್ಕ ಸರಿಯಿತ್ತು. ಹೊರಗಿನ ಗಾಳಿ ಬರದಂತೆ ಬಾಗಿಲ ಸಂದಿಗಳಿಗೆ ಒಳಗಿನಿಂದ ಟೇಪು ಅಂಟಿಸಿಕೊಂಡು ನಲವತ್ತು ನಿಮಿಷ ಕೂತಿದ್ದೆವು. ಹೊರಗಿದ್ದವರು ಇಬ್ಬರೇ. ಇದ್ದಲ್ಲೇ ಇದ್ದು ಬಾಗಿಲು ಮುಚ್ಚಿ ಟೇಪು ಹಾಕಿಕೊಳ್ಳುವುದು ಅವರಿಗಿದ್ದ ನಿಯಮ.

ಅಡುಗೆಯಕ್ಕ ಅಡುಗೆಮನೆಯಲ್ಲಿದ್ದಳು. "ಟೇಪು ಹಾಕಿದೆ, ಕೂತೆ, ಕಣ್ಣು ಹತ್ತಿತು," ಎಂದಳು. ಕವಾಯತು ಮುಗಿದ ಮೇಲೆ ನಾನು, ನರ್ಸಮ್ಮ, ದೊಡ್ಡ ಟೀಚರ್ ಬಾಗಿಲು ಬಡಿದು ಎಬ್ಬಿಸಿದ್ದು ನಿಜ. ಒಳಗಿನ ಟೇಪು ತುಂಡಾಗದೆ ಉದ್ದಕ್ಕೂ ಜೋತಾಡುತ್ತಿತ್ತು.

ಡ್ರೈವರಣ್ಣ ಹಿಂದಿನ ಗೇಟಿನ ಬಳಿ ಬಸ್ಸಿನಲ್ಲಿದ್ದ. "ಬಾಗಿಲು ಹಾಕಿ, ಒಳಗಿಂದ ಟೇಪು ಹಚ್ಚಿ ಬೆಂದುಹೋದೆ ಮಾವ. ಬೇಕಾದ್ರೆ ನೋಡಿ," ಎಂದ. ಒಳಗೆ ಟೇಪು ಇತ್ತು. ಮಾವ ಬಸ್ಸನ್ನು ಹೊರಗಿನಿಂದ ಒಂದು ಸುತ್ತು ಹಾಕಿದರು. ಮೈತುಂಬ ಧೂಳು; ಮಕ್ಕಳು ಬೆರಳಲ್ಲಿ ಬರೆದ ಗೊಂಬೆಗಳು. ಬಾಗಿಲಂಚಿನಲ್ಲಿ ಮಾತ್ರ ಮೇಲಿಂದ ಕೆಳಗೆ ಎರಡು ಬೆರಳಗಲದ ಗೆರೆ ತೊಳೆದಂತೆ ಹೊಳೆಯುತ್ತಿತ್ತು.

"ಬಸ್ಸಿಗೆ ಸ್ನಾನ ಯಾವಾಗಪ್ಪಾ?"

"ಮಳೆ ಬಂದಾಗ," ಎಂದು ನಕ್ಕ.

ಮಾವ ಗೇಟಿನಾಚೆಯ ರಸ್ತೆ ನೋಡುತ್ತ ನಿಂತರು. ಸ್ಥಾವರದ ಐದು ಕಿಲೋಮೀಟರ್ ಗಡಿ ಅದರ ನಡುವೆಯೇ ಹಾದಿತ್ತು. ಈಚೆಯವರಿಗೆ ಮಾತ್ರೆಯುಂಟು, ಆಚೆಯ ಓಣಿಗಿಲ್ಲ.

ಎರಡೂವರೆಗೆ ಎಲ್ಲರನ್ನೂ ಸ್ಟಾಫ್ ರೂಮಿನಲ್ಲಿ ಕೂರಿಸಿದರು.

"ಮಾರೋಕೆ ಕದಿಯೋನು ಡಬ್ಬಿನೇ ಎತ್ತುತ್ತಾನೆ. ಇವನು ಎಣಿಸಿ ಮೂವತ್ತೊಂದೇ ತಗೊಂಡಿದಾನೆ. ಅಂದ್ರೆ ಅವನಿಗೆ ತಲೆಗಳ ಲೆಕ್ಕ ಗೊತ್ತು. ಹಾಲ್‌ನಲ್ಲಿದ್ದವರು ಯಾರೂ ಎದ್ದಿಲ್ಲ. ಅಡುಗೆಯಕ್ಕನ ಬಾಗಿಲಲ್ಲಿ ಒಳಗಿನ ಆ ಒಂದು ಟೇಪು ಬಿಟ್ರೆ ಬೇರೆ ಗುರುತಿಲ್ಲ. ಉಳಿದದ್ದು ಬಸ್ಸು." ಮಾವ ಡ್ರೈವರಣ್ಣನ ಕಡೆ ತಿರುಗಿದರು. "ಧೂಳು ಹಿಡಿದ ಬಾಗಿಲಿಂದ ಟೇಪು ಕಿತ್ತರೆ ಧೂಳೂ ಜೊತೆಗೆ ಬರತ್ತೆ. ಹೊರಗಡೆ ಯಾಕಪ್ಪಾ ಟೇಪು? ಒಳಗಿದ್ದೋನಿಗೆ ಕೈ ಹೊರಗೆ ಬರಲ್ಲ. ಹನ್ನೆರಡು ವರ್ಷದ ಕವಾಯತು ನಿನ್ನದು. ಕದಿಯೋಕೆ ಇಳಿದಾಗ್ಲೂ ಬಾಗಿಲು ಬರಿದೇ ಬಿಡೋಕೆ ಕೈ ಒಪ್ಪಲಿಲ್ಲ. ವಾಪಸು ಬಂದು ಅದನ್ನ ಕಿತ್ತು ಒಳಗೆ ಹೊಸದು ಹಾಕ್ದೆ."

ಡ್ರೈವರಣ್ಣ, "ಆಚೆ ಓಣೀಲಿ ನಮ್ಮಕ್ಕನ ಮನೆ. ಓಣಿಗೆ ಮೂವತ್ತೊಂದು ಮಕ್ಕಳು. ಮನೆಮನೆಗೆ ಹಂಚಿಬಿಟ್ಟೆ. ಸೈರನ್ ಅವಕ್ಕೂ ಕೇಳುತ್ತೆ. ಗಾಳಿ ರಸ್ತೆ ನಡುವೆ ನಿಂತು ಗುರುತಿನ ಚೀಟಿ ಕೇಳತ್ತಾ ಮಾವ?" ಎಂದ.

"ಕೇಳಲ್ಲ. ಆದ್ರೆ ಕೆಲಸ ಹೋಗ್ತಿದ್ದದ್ದು ಈ ಹುಡುಗೀದು."

ಅವನು ನರ್ಸಮ್ಮನ ಮುಖ ನೋಡದೆ, "ತಪ್ಪಾಯ್ತು ತಂಗಿ," ಎಂದ.

ನರ್ಸಮ್ಮ, ನಾನು ಓಣಿಗೆ ಓಡಿದೆವು. ಎಲ್ಲರೂ ಮಾತ್ರೆ ಬಾಗಿಲಿಗೇ ತಂದು ಹಿಂದಿರುಗಿಸಿದರು. ಒಬ್ಬಳು ಮಾತ್ರ ಕಂಕುಳ ಕೂಸನ್ನು ಸರಿಪಡಿಸಿಕೊಳ್ಳುತ್ತ, "ನಿಮಗೂ ಮಕ್ಕಳಿದಾರಾ?" ಎಂದು ಕೇಳಿದಳು. "ಒಬ್ಬಳು," ಎಂದೆ. ಕೈ ಚಾಚಿಯೇ ಇದ್ದೆ. ಅವಳು ಮಾತ್ರೆ ಕೊಟ್ಟಳು.

ಮೂರಕ್ಕೆ ಇನ್ನೂರ ಹನ್ನೆರಡೂ ಬೀರುವಿನಲ್ಲಿದ್ದವು. ನರ್ಸಮ್ಮನ ಕೆಲಸ ಉಳಿಯಿತು, ಡ್ರೈವರಣ್ಣನದು ಹೋಯಿತು. ಮಾವ ಆ ಸಭೆಯ ತಾರೀಖು ಹಾಕಿ, ಅಧಿಕಾರಿ ಹೇಳಿದ್ದನ್ನು ಅಕ್ಷರ ಬಿಡದೆ ಬರೆದು ಸ್ಥಾವರಕ್ಕೆ ಕಾಗದ ಹಾಕಿದರು. ಗಡಿಯಾಚೆ ಕೊಡಲು ಬರುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು.

ಮಾತು ಕೊಟ್ಟಿದ್ದರು, ನಡೆಸಲಿಲ್ಲ.