ಪರದೆಯ ಹಿಂದೆ ಎಷ್ಟು ಜನ?

"ನಿಲ್ಲಿಸಿ ಚಾಚಾ! ನಿಲ್ಲಿಸಿ ಅಂದ್ನಲ್ಲಾ!"

ಹಲಸೂರು ಕೆರೆ ಏರಿಯ ಮೇಲೆ ಆ ಹಳೆಯ ಕರಿ ಕಾರು ಗಕ್ಕನೆ ನಿಂತಿತು. ಹಿಂದಿನ ಸೀಟಿಗೆ ಸುತ್ತಲೂ ಪರದೆ. ಒಳಗೆ ಜಹನಾರಾ ತಾಯಿಯನ್ನು ಎದೆಗವಚಿಕೊಂಡು ಕೂತಿದ್ದಳು. ತಾಯಿ ಉಮ್ಮೆ ಕುಲ್ಸುಂ ನೋವು ತಡೆಯಲಾರದೆ ಸೆರಗು ಕಚ್ಚಿ ಹಿಡಿದಿದ್ದರು.

"ಕೆ.ಆರ್. ಪುರಕ್ಕೆ ಬೇಡ. ಆ ಮೆಕ್ಯಾನಿಕ್ ಹತ್ರ ತಿರುಗಿಸಿ!"

ಮುದಿ ಡ್ರೈವರ್ ರಹೀಂ ಚಾಚಾ ಕಾರು ತಿರುಗಿಸಿದರು. ಜಹನಾರಾಗೆ ಸಿಟ್ಟು ಬಂದಾಗ ಮಾತಾಡಿ ಬದುಕಿದವರುಂಟೇ?

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತಿದು. ಮೆಟ್ಟಿಲಿಂದ ಜಾರಿಬಿದ್ದ ಕುಲ್ಸುಂ ಅವರ ಬೆನ್ನಿಗೆ ಏಳಲಾರದಷ್ಟು ಪೆಟ್ಟಾಗಿತ್ತು. ಕೆ.ಆರ್. ಪುರದ ಎಲುಬಿನ ವೈದ್ಯ ರಾಮಯ್ಯನವರು, "ವಾರ ವಾರ ಬಂದು ಎಣ್ಣೆಕಟ್ಟು ಹಾಕಿಸ್ಕೊಳ್ಳಿ, ಎದ್ದು ಓಡಾಡ್ತೀರಿ. ತಪ್ಪಿಸಿದ್ರೆ ಹಾಸಿಗೇನೇ ಗತಿ" ಅಂದಿದ್ದರು. ಆದರೆ ಫ್ರೇಜರ್ ಟೌನಿನ ಮನೆಯಿಂದ ಅಲ್ಲಿಯವರೆಗೂ ಹೊಂಡಬಿದ್ದ ರಸ್ತೆ! ತೀರಿಹೋದ ಅಬ್ಬಾನ ಕಾರಿನ, ಕುಲುಕು ತಡೆಯುವ ಸ್ಪ್ರಿಂಗ್ ಪಟ್ಟಿಗಳೋ, ಸವೆದು ಚಪ್ಪಟೆ. ಅದಕ್ಕೇ ಚಾಚಾ ಕಾರನ್ನು ಪಕ್ಕದ ಬ್ಲಾಕ್‌ಪಲ್ಲಿಯ ಮೆಕ್ಯಾನಿಕ್ ನಯಾಜ್‌ಗೆ ಒಪ್ಪಿಸಿದ್ದು. ಮಿಲಿಟರಿ ವರ್ಕ್‌ಶಾಪಿನಿಂದ ಬಂದು ಹೊಸದಾಗಿ ಶೆಡ್ ಹಾಕಿದ ಹುಡುಗ. ಮಿಲಿಟರಿಯವರು ಮಾರಿದ ಹಳೇ ಸಾಮಾನಿನಲ್ಲಿ ಹುಡುಕಿ, ದಪ್ಪನೆಯ ಪಟ್ಟಿ ತಂದು ಹಾಕಿದ್ದ.

ಈಗ ಕಾರು ಮೊದಲಿಗಿಂತ ಹೆಚ್ಚು ಎತ್ತಿಹಾಕುತ್ತಿತ್ತು!

ಶೆಡ್ಡಿನ ಮುಂದೆ ಕಾರು ನಿಂತಿದ್ದೇ ತಡ, ಪರದೆಯೊಳಗಿನಿಂದ ಗುಡುಗು ಶುರು.

"ಏನ್ರೀ, ಕಾಯಿಲೆಯವರು ಕೂರೋ ಗಾಡಿಗೂ ಮದ್ದುಗುಂಡಿನ ಲಾರಿಗೂ ವ್ಯತ್ಯಾಸ ಗೊತ್ತಿಲ್ವಾ ನಿಮಗೆ? ಸಿಕ್ಕಿದ ಕಬ್ಬಿಣ ಹಾಕಿ ಕಳಿಸೋದಾ?"

ಬೀದಿಯ ಜನ ನಿಂತು ನೋಡಿದರು. ಸ್ಪಾನರ್ ಹಿಡಿದಿದ್ದ ನಯಾಜ್ ಬಾಯಿ ತೆರೆದ. ಸುತ್ತ ನಿಂತವರನ್ನು ನೋಡಿದ. ಬಾಯಿ ಮುಚ್ಚಿ ತಲೆ ತಗ್ಗಿಸಿದ.

"ಮಾತಾಡೋಕೆ ಬಾಯಿಲ್ವಾ?"

ಅವನು ಸ್ಪಾನರ್ ಒರೆಸುತ್ತಲೇ ನಿಂತ.

ಪರದೆಯ ಸಂದಿಯಲ್ಲಿ ಅವಳಿಗೆ ಕಂಡದ್ದು ಗ್ರೀಸ್ ಮೆತ್ತಿದ ಕೈ, ಬಾಗಿದ ಮುಖ. ಕಣ್ಣು ಯಾಕೋ ಅಲ್ಲೇ ನಿಂತಿತು. 'ಎಷ್ಟು ಕೊಬ್ಬು ನೋಡು! ಉತ್ತರ ಕೊಡೋಕೂ ನಾವು ಲಾಯಕ್ಕಿಲ್ಲ!' ಅಂದುಕೊಂಡು ಮತ್ತಷ್ಟು ಉರಿದುಬಿದ್ದಳು.

ಮನೆಗೆ ಬಂದ ಕುಲ್ಸುಂ ಹಾಸಿಗೆ ಹಿಡಿದರು. "ಇನ್ನು ಆ ಗಾಡಿ ಹತ್ತೋಳಲ್ಲ ನಾನು. ಇಲ್ಲೇ ಸಾಯ್ತೀನಿ, ಬಿಡು."

ಜಹನಾರಾ ಅಡುಗೆಮನೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮಿ ಬಿಟ್ಟರೆ ಅವಳಿಗೆ ಯಾರಿದ್ದರು?

ಎರಡು ದಿನ ಕಳೆದು ಚಾಚಾ ಬಂದರು, ಹಿಂದೆ ನಯಾಜ್. ಬಾಗಿಲಿಗೆ ಪರದೆ ಬಿತ್ತು. ಅವನು ಜಗಲಿಯಲ್ಲಿ ಬೀದಿಗೆ ಮುಖ ಮಾಡಿ ನಿಂತ.

"ಬೀಬಿ... ಒಂದು ಮಾತು ಕೇಳ್ಬೇಕು. ಕೇಳಬಾರದ ಮಾತು."

"ಕೇಳಿ."

"ಗಾಡೀಲಿ... ಪರದೆಯ ಹಿಂದೆ ಎಷ್ಟು ಜನ ಕೂರ್ತೀರಾ?"

ಜಹನಾರಾಳ ಮುಖ ಕೆಂಪಾಯಿತು. ಪರರ ಮನೆಯ ಹೆಂಗಸರ ಲೆಕ್ಕ ಕೇಳುವುದೇ! ಚಾಚಾ ಸುಮ್ಮಸುಮ್ಮನೆ ಕೆಮ್ಮಿದರು.

"ಎಷ್ಟು ಧೈರ್ಯ ನಿಮಗೆ!"

"ಕೋಪ ಮಾಡ್ಕೋಬೇಡಿ. ಕೂರೋರ ಭಾರ ನೋಡಿ ಪಟ್ಟಿ ಹಾಕ್ಬೇಕು. ಭಾರ ಕಮ್ಮಿಯಾಗಿ ಪಟ್ಟಿ ದಪ್ಪ ಆದ್ರೆ ಅದು ಬಗ್ಗೋದೇ ಇಲ್ಲ, ಎತ್ತಿಹಾಕುತ್ತೆ. ಚಾಚಾ ಹೆಂಗಸರ ಗಾಡಿ ಅಂದ್ರು. ಅಜ್ಜಿ, ಅತ್ತೆ, ಮಕ್ಕಳು, ಎಲ್ಲಾ ತುಂಬ್ಕೊಂಡು ದರ್ಗಾಕ್ಕೆ ಹೋಗೋ ಗಾಡಿ ಅಂದ್ಕೊಂಡ್ಬಿಟ್ಟೆ. ಆ ಭಾರಕ್ಕೇ ಹಾಕಿದೆ. ಕೇಳ್ಬೇಕಿತ್ತು, ನಾಚ್ಕೊಂಡೆ. ತಪ್ಪು ನಂದೇ."

"ಅವತ್ತೇ ಹೇಳಬಹುದಿತ್ತಲ್ಲ?"

"ಬೀದಿ ತುಂಬಾ ಜನ ಇದ್ರು ಬೀಬಿ. ಅವರೆದುರಿಗೆ ನಿಮ್ಮನ್ನ ಈ ಮಾತು ಕೇಳೋದಾ?"

ಜಹನಾರಾ ಪರದೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. 'ಅಷ್ಟು ಜನರ ಮುಂದೆ ಇವನು ಬೈಸಿಕೊಂಡದ್ದು ನನ್ನ ಮರ್ಯಾದೆ ಉಳಿಸೋದಕ್ಕಾ? ಅಯ್ಯೋ ದೇವರೇ, ನಾನೆಂಥ ಬಾಯಿಬಡುಕಿ!'

"ಇಬ್ಬರೇ..." ದನಿ ಇಳಿದಿತ್ತು. "ಅಮ್ಮಿ, ನಾನು. ಬೇರೆ ಯಾರೂ ಇಲ್ಲ."

ಇಬ್ಬರ ಭಾರದಷ್ಟು ಮೂಟೆ ಕೂರಿಸಿ ಗಾಡಿ ಓಡಿಸಿ ನೋಡಬೇಕಿತ್ತು. ಆದರೆ ಅದು ರೇಷನ್ ಕಾಲ. ಅಕ್ಕಿ ಮೂಟೆ ಎಲ್ಲಿಂದ ತರುವುದು? ನಯಾಜ್ ಗೋಣಿಗೆ ಮರಳು ತುಂಬಿ ಬಾಗಿಲ ಪರದೆಯ ಒಳಗೆ ತಳ್ಳಿದ. ದಿನವೂ ತಾಯಿಯನ್ನು ಎತ್ತಿ ಮಲಗಿಸುವ ಕೈ ಜಹನಾರಾಳದು. ಮೂಟೆಯನ್ನು ಎತ್ತಿ ನೋಡಿ ಹೇಳಿದಳು.

"ಇನ್ನೂ ಸ್ವಲ್ಪ ತೆಗೀರಿ... ಹಾಂ, ಅಮ್ಮಿ ಇಷ್ಟೇ."

"ಮತ್ತೆ... ನಿಮ್ಮದು?"

"ನನ್ನ ನಾನೇ ಹೇಗೆ ಎತ್ಕೊಳ್ಳಲಿ?"

ಒಳಗಿನಿಂದ ಕುಲ್ಸುಂ ಅವರ ದನಿ ಬಂತು. "ಅವಳಿಗೂ ಅಷ್ಟೇ ಹಾಕಪ್ಪಾ. ಮೇಲೊಂದು ಹಿಡಿ, ಅವಳ ಮುಂಗೋಪಕ್ಕೆ!"

ನಯಾಜ್ ಆ ಎರಡು ಮೂಟೆಗಳನ್ನು ಸೀಟಿನಲ್ಲಿ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಓಡಾಡಿದ. ದಪ್ಪ ಪಟ್ಟಿ ತೆಗೆದ, ತೆಳುವಾದದ್ದನ್ನು ಬಡಿದು ಬಾಗಿಸಿ ಹಾಕಿದ, ನಡುನಡುವೆ ಗ್ರೀಸ್ ಸವರಿದ. ಯಾವುದೋ ಆಫೀಸರನ ಕಾರಿನಿಂದ ಕಳಚಿದ ಶಾಕ್ ಅಬ್ಸಾರ್ಬರ್ ಹುಡುಕಿ ತಂದು ಕೂರಿಸಿದ.

"ಬೇಟಿ, ಒಂದು ತಮಾಷೆ ಕೇಳು," ಅಂದರು ಚಾಚಾ. "ಪರದೆ ಸರಿಸೋವಾಗ ಆ ಹುಡುಗ ಮುಖ ತಿರುಗಿಸ್ಕೊಂಡು, ಮೂಟೆಗೆ 'ಮಾಫ್ ಮಾಡಿ' ಅಂತಾನೆ!"

ಜಹನಾರಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತರೂ ಕಣ್ಣೀರು ನಿಲ್ಲಲಿಲ್ಲ. ಅಂದಿನಿಂದ ಹಾರ್ನ್ ಕೇಳಿದರೆ ಸಾಕು, ಕಿಟಕಿಗೆ ಓಡುತ್ತಿದ್ದಳು. 'ಹುಚ್ಚೀ! ಅವನು ಬರೋದು ಗಾಡಿಗಾಗಿ, ನಿನಗಾಗಿ ಅಲ್ಲ...'

ಕಾರು ಸಿದ್ಧವಾಯಿತು. ಆದರೆ ಕುಲ್ಸುಂ ಹಟ ಬಿಡಲಿಲ್ಲ. ಪರದೆಯೊಳಗಿಂದಲೇ ನಯಾಜ್‌ನನ್ನು ಕೇಳಿದರು, "ನಿನ್ನ ಹೆತ್ತ ತಾಯೀನ ಈ ಗಾಡೀಲಿ ಕೂರಿಸ್ತೀಯೇನಪ್ಪಾ?"

"ನಿನ್ನೆ ಕೂರಿಸ್ಕೊಂಡು ಕೆ.ಆರ್. ಪುರಕ್ಕೆ ಹೋಗ್ಬಂದೆ ಅಮ್ಮಾ. ದಾರೀಲಿ ನಿದ್ದೆ ಹೋಗ್ಬಿಟ್ರು."

ಕುಲ್ಸುಂ ಹೊದಿಕೆ ಸರಿಸಿದರು. ಎದ್ದೇಳಲು ಮಗಳತ್ತ ಕೈ ಚಾಚಿದರು.

ವಯಸ್ಸಾದ ಚಾಚಾನ ಕಣ್ಣು ಮಂಜಾಗುತ್ತಾ ಬಂದಿತ್ತು, ಅದಕ್ಕೇ ಅಂದು ನಯಾಜ್‌ನೇ ಕಾರು ನಡೆಸಿದ. ಚಾಚಾ ಪಕ್ಕದಲ್ಲಿ ಕೂತರು. ಏರಿ ಬಂತು, ಹೊಂಡಗಳು ಬಂದವು... ಜಹನಾರಾ ಉಸಿರು ಬಿಗಿಹಿಡಿದಳು. ಕಾರು ಮೆಲ್ಲಗೆ ಇಳಿದು ಮೆಲ್ಲಗೆ ಎದ್ದಿತು. ಅಮ್ಮಿಯ ಬಾಯಿಂದ "ಹಾ" ಅನ್ನೋ ಶಬ್ದವೂ ಬರಲಿಲ್ಲ. ಎಣ್ಣೆಕಟ್ಟು ಹಾಕಿಸಿಕೊಂಡು ವಾಪಸಾಗುವಾಗ ಮಗಳ ಭುಜಕ್ಕೊರಗಿ ಕಣ್ಣು ಮುಚ್ಚಿದ್ದರು.

ಮನೆಯ ಮುಂದೆ ಕಾರು ನಿಂತಿತು. ನಯಾಜ್ ಇಳಿದು ಕೆಳಗೆ ನಿಂತ.

"ಬೀಬಿ, ಸ್ಪ್ರಿಂಗ್ ಸರಿಯಾಗಿದೆ. ನನ್ನ ಕೆಲಸ ಮುಗೀತು... ಇನ್ನು ನಾನು ಬರೋ ಅಗತ್ಯ ಇಲ್ಲ."

ಅಂದವನು ಜಾಗ ಬಿಟ್ಟು ಕದಲಲಿಲ್ಲ. ಜಹನಾರಾಗೆ ಅಷ್ಟೇ ಸಾಕಾಯಿತು.

"ಒಂದು ಮಾತು ಕೇಳ್ಬೇಕು. ಕೇಳಬಾರದ ಮಾತು."

"ಕೇಳಿ ಬೀಬಿ."

"ನಿಮ್ಮ ಭಾರ ಎಷ್ಟು?"

ಚಾಚಾಗೆ ಮತ್ತೆ ಕೆಮ್ಮು.

"ನ... ನಂದಾ? ಯಾಕೆ?"

"ಚಾಚಾಗೆ ಕಣ್ಣು ಕಾಣಲ್ಲ. ಇನ್ಮೇಲೆ ಈ ಗಾಡೀಲಿ ದಿನಾ ಯಾರ್ಯಾರು ಕೂರ್ತಾರೋ ಆ ಲೆಕ್ಕ ತಪ್ಪಬಾರದಲ್ಲ? ಒಂದ್ಸಲ ತಪ್ಪಿದ್ದೇ ಸಾಕು. ನೀವು ಬರದೇ ಹೋದ್ರೆ... ನಂಗೆ ಆಗಲ್ಲ ನಯಾಜ್."

ನಿದ್ದೆಯಲ್ಲಿದ್ದಾರೆ ಅಂದುಕೊಂಡಿದ್ದ ಕುಲ್ಸುಂ ಕಣ್ಣು ಮುಚ್ಚಿಕೊಂಡೇ ಅಂದರು, "ಹೇಳಪ್ಪಾ, ಅವಳು ಕೇಳಿದ್ಮೇಲೆ ಬಿಡೋಳಲ್ಲ. ನಾಳೆ ನಿಮ್ಮಮ್ಮನ್ನ ಇದೇ ಗಾಡೀಲಿ ನಮ್ಮನೆಗೆ ಕರ್ಕೊಂಡು ಬಾ. ಮಾತಾಡ್ಬೇಕು."

ನಯಾಜ್‌ನ ಕಣ್ಣು ತುಂಬಿತು. ಪರದೆಯ ಕಡೆ ನೋಡದೆ, ನಗುತ್ತಾ ಕೇಳಿದ.

"ನನ್ನ ಭಾರ ನಂಗೂ ಗೊತ್ತಿಲ್ಲ ಬೀಬಿ... ಮೂಟೆ ತಂದಿಡ್ಲಾ?"

"ಮೂಟೆ ಬೇಡ," ಅಂದಳು ಜಹನಾರಾ. "ನೀವೇ ಬನ್ನಿ."