ಮೂರೂಮುಕ್ಕಾಲರ ಮುಳ್ಳುಗಳು

“ಓಡಿಸೋ ಅದನ್ನ! ನಿಂತ ಗಡಿಯಾರ ನನ್ನ ಮನೇಲಿ ಇರಕೂಡದು!”

ತಾಯಿಯ ಕೂಗಿಗೆ ಹಜಾರದಲ್ಲಿದ್ದ ಮೂವರೂ ಬೆಚ್ಚಿಬಿದ್ದರು. ಮೇಜಿನ ಮೇಲೆ ಬಿಚ್ಚಿಟ್ಟ ಕರವಸ್ತ್ರ. ಅದರ ನಡುವೆ ಒಂದು ಹಳೆಯ ಕೈಗಡಿಯಾರ. ಗಾಜು ಒಡೆದು ಅಂಚಿನಲ್ಲಿ ಮಾತ್ರ ಚೂರುಗಳು ಉಳಿದಿದ್ದವು. ಒಂದು ಮಗ್ಗುಲು ನೆಗ್ಗಿತ್ತು. ಬಿಳಿಯ ಡಯಲ್ಲಿನ ಮೇಲೆ ಕಂದುಬಣ್ಣದ ಕಲೆಯೊಂದು ಹರಡಿತ್ತು. ಅದೇನೆಂದು ಯಾರೂ ಕೇಳಲಿಲ್ಲ. ಯುದ್ಧದಲ್ಲಿ ಮಡಿದ ಹಿರಿಯ ಮಗನ ಜೊತೆಗಾರ ಸಿಪಾಯಿಯೊಬ್ಬ ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ತಂದಿದ್ದ. ಸಾವಿನ ಸುದ್ದಿಯೂ ಸತ್ತ ದಿನವೂ ಮನೆಗೆ ಮೊದಲೇ ತಿಳಿದಿದ್ದವು. ತಿಳಿಯದೆ ಉಳಿದದ್ದು ಗಳಿಗೆಯೊಂದೇ. ಕಣ್ಣು ಕಾಣದ ತಾಯಿಗೆ ಉಪಕಾರವಾಗಲೆಂದು ಆ ಪುಣ್ಯಾತ್ಮ, “ಮುಳ್ಳು ಮೂರೂಮುಕ್ಕಾಲಿಗೆ ನಿಂತಿದೆ ಅಮ್ಮ. ಗುಂಡು ಬಿದ್ದಾಗ ನಾನು ಪಕ್ಕದಲ್ಲೇ ಇದ್ದೆ... ಅದೇ ಹೊತ್ತು” ಎಂದುಬಿಟ್ಟ. ಅಲ್ಲಿಯವರೆಗೆ ಕಲ್ಲಿನಂತೆ ಕುಳಿತಿದ್ದ ಮುದುಕಿ ಆ ಮಾತು ಕಿವಿಗೆ ಬಿದ್ದದ್ದೇ ತಡ, ಕೆಂಡ ತುಳಿದವಳಂತೆ ಎದ್ದುನಿಂತಿದ್ದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ, ಸತ್ತವನ ಹೆಂಡತಿ, ಎಂದೂ ಅತ್ತೆಗೆ ಎದುರಾಡಿದವಳಲ್ಲ. ಅಂದು ಮಾತ್ರ ಎರಡು ಹೆಜ್ಜೆ ಮುಂದೆ ಬಂದಳು.

“ಬೇಡ ಅತ್ತೆ... ಮುಳ್ಳು ಮುಟ್ಟೋದು ಬೇಡ. ಅವರು ಬಿಟ್ಟುಹೋದ ಹೊತ್ತು ಅದು. ಹಾಗೇ ಇರ್ಲಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಬಾಯಿ ಮುಚ್ಚೇ! ಗಂಡನ ಅಂಗಿ ಸುಟ್ಟವಳಿಗೆ ಗಂಡನ ಗಡಿಯಾರದ ಉಸಾಬರಿ ಯಾಕೆ?” ಎಂದವಳೇ ತಾಯಿ ಕಿರಿಯ ಮಗನಿದ್ದ ದಿಕ್ಕಿಗೆ ತಿರುಗಿದಳು. “ಏನೋ, ಊರವರ ಗಡಿಯಾರ ಎಲ್ಲ ಓಡಿಸ್ತೀಯ. ಅಣ್ಣಂದು ಓಡಿಸೋಕೆ ಕೈ ಬರಲ್ವಾ? ಅದರ ಟಿಕ್ ಟಿಕ್ ನನ್ನ ಕಿವಿಗೆ ಬೀಳಬೇಕು. ಇಲ್ಲಾಂದ್ರೆ ಬಾವಿಗೆ ಎಸೆದುಬಿಡು!”

ಕಿರಿಯವನು ಕರವಸ್ತ್ರದ ನಾಲ್ಕು ತುದಿಗಳನ್ನು ಮಡಿಸಿ ಗಂಟುಕಟ್ಟಿದ.

ಈ ವೃತ್ತಾಂತವನ್ನು ಹೇಳುವವರೆಲ್ಲ ಇಲ್ಲಿಂದಲೇ ತೊಡಗುತ್ತಾರೆ. ಹಿಂದಿನದನ್ನು ಆಮೇಲೆ ಹೇಳುತ್ತಾರೆ. ಮುದುಕಿಗೆ ಮೂಢನಂಬಿಕೆಯೆಂದು ಇಲ್ಲಿಯೇ ಮುಗಿಸಿಬಿಡುವವರೂ ಉಂಟು. ಆದರೆ ಆ ಮನೆಯ ಒಳಗನ್ನು ಬಲ್ಲವರು ಹಾಗೆನ್ನುವುದಿಲ್ಲ.

ಅದು ನೂಲಿನ ಗಿರಣಿಯ ಎದುರಿನ ಬೀದಿ. ನಾಲ್ಕರ ಪಾಳಿಗೆ ಕಾಲುಗಂಟೆ ಮುಂಚೆ ಗಿರಣಿಯ ಸೈರನ್ ಕೂಗಿತೆಂದರೆ ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸುತ್ತಿರಲಿಲ್ಲ. ಬೀದಿಯವರು ಬಾಯಿ ತೆರೆದಲ್ಲಿಗೇ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಉಳಿದರ್ಧ ಮಾತನ್ನು ಮುಂದುವರಿಸುತ್ತಿದ್ದರು, ಜಗಳವಾಡುವವರೂ ಅಷ್ಟೇ. ಮನೆಯ ಯಜಮಾನ ಆ ಬೀದಿಯಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇಟ್ಟವನು. ಹಿರಿಯ ಮಗನಿಗೆ ಆ ವಿದ್ಯೆ ಹತ್ತಲಿಲ್ಲ. “ಇವನ ಕೈಗೆ ಗಡಿಯಾರ ಕೊಡೋದೂ ಒಂದೇ, ಒರಳುಕಲ್ಲಿಗೆ ಹಾಕೋದೂ ಒಂದೇ” ಎಂದು ತಂದೆ ನಗುತ್ತಿದ್ದ. ಸೈನ್ಯಕ್ಕೆ ಹೊರಟ ದಿನ ಅದೇ ತಂದೆ ತನ್ನ ಮಣಿಕಟ್ಟಿನಿಂದ ಬಿಚ್ಚಿ, “ರಿಪೇರಿ ಮಾಡೋದು ಬೇಡ, ಕೀಲಿ ಕೊಡ್ತಿದ್ರೆ ಸಾಕು ಮಗನೇ” ಎಂದು ಕಟ್ಟಿದ ಗಡಿಯಾರವಿದು. ತಂದೆ ತೀರಿಕೊಂಡ ಬಳಿಕ ಅಂಗಡಿ ಕಿರಿಯವನದಾಯಿತು, ತಾಯಿಯ ಕಣ್ಣುಗಳಿಗೆ ಪೊರೆ ಕವಿಯಿತು, ಯುದ್ಧ ಬಂತು.

ಅಂಗಿ ಸುಟ್ಟ ಆ ದಿನ ಗಿರಣಿಗೆ ರಜೆ. ಸೈರನ್ ಕೂಗುವ ದಿನವಲ್ಲ. ಗಿರಾಕಿಗಳಿಲ್ಲವೆಂದು ಅಂಗಡಿಗೂ ಬೀಗ ಬಿದ್ದಿತ್ತು. ಬೀದಿಗೆ ಬೀದಿಯೇ ನಿದ್ದೆಹೋದಂತಿತ್ತು. ಕಿರಿಯವನು ಹಜಾರದ ಮಂಚದ ಮೇಲೆ ಮಲಗಿದ್ದ. ಸೊಸೆ ಗಂಡನ ಬಿಳಿಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಬಂದ ದಿನ ತೊಡಲೆಂದು ತಿಂಗಳಿಗೊಮ್ಮೆ ಅದನ್ನು ತೆಗೆದು, ಮಡಿಕೆ ಮುರಿದು, ಮತ್ತೆ ಹೊಸದಾಗಿ ಮಡಿಸಿಡುವುದು ಅವಳ ರೂಢಿ. ಮನಸ್ಸು ಎಲ್ಲಿ ಹೋಗಿತ್ತೋ... ಇಸ್ತ್ರಿಪೆಟ್ಟಿಗೆ ಅಂಗಿಯ ಬೆನ್ನಿನ ಮೇಲೆ ನಿಂತಲ್ಲೇ ನಿಂತಿತು. ಸುಟ್ಟ ವಾಸನೆ ಮೂಗಿಗೆ ಬಡಿದು ಅತ್ತೆ ಗೋಡೆ ತಡವುತ್ತ ಓಡಿಬಂದಳು. “ನನ್ನ ಮಗನ ಅಂಗಿಗೇ ಬೆಂಕಿ ಇಟ್ಯೇನೇ, ಮನೆಹಾಳಿ! ನೀನು ಕಾಯ್ತಿರೋನು ಬರದೇ ಹೋಗ್ಲಿ! ಆಗ ಬುದ್ಧಿ ಬರುತ್ತೆ ನಿನಗೆ!”

ಆ ಮೌನದಲ್ಲಿ ಮಾತು ಗೋಡೆಯಿಂದ ಗೋಡೆಗೆ ಬಡಿಯಿತು. ಅದಕ್ಕೆ ಹೂಂಗುಟ್ಟುವಂತೆ ಗೋಡೆಯ ಗಡಿಯಾರ ಮೂರೂಮುಕ್ಕಾಲರ ಗಂಟೆ ಬಾರಿಸಿತು. ಸೊಸೆಯ ಮೇಲೆ ಬಿಟ್ಟ ಬಾಣ ಯಾರ ಎದೆಗೆ ಹೋಯಿತೆಂದು ಹೆತ್ತವಳಿಗೆ ಆ ಕ್ಷಣವೇ ಹೊಳೆಯಿತು. ಅವಳ ತುಟಿ ಅದುರಿದ್ದನ್ನು ಕಿರಿಯವನು ಕಂಡ. ‘ಬಿಡ್ತು ಅನ್ನಮ್ಮ... ಬಿಡ್ತು ಅಂದುಬಿಡು!’ ಎಂದು ಅವನ ಜೀವ ಒಳಗೊಳಗೇ ಕೂಗಿತು. ಆದರೆ ಸೊಸೆಯ ಎದುರು ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದೆಂದರೇನು! ಅವಳು ಹಲ್ಲುಕಚ್ಚಿ ಒಳಗೆ ಹೋದಳು. ಅಂಗಿ ಸುಟ್ಟ ದಿನವೇ ಮಗ ಸತ್ತನೆಂಬ ಸುದ್ದಿ ಬಂದ ಮೇಲೆ, ಎಲ್ಲಕ್ಕೂ ಆ ಅಂಗಿಯೇ ಕಾರಣವೆಂದು ಬೀದಿಗೆಲ್ಲ ಸಾರಿದಳು. ಆ ಒಂದು ಮಾತನ್ನು ತಾನೇ ಕೇಳಿಸಿಕೊಳ್ಳದಿರಲು ಅಷ್ಟೊಂದು ಕೂಗಬೇಕಾಗಿತ್ತು ಅವಳಿಗೆ! ಈಗ ಗಡಿಯಾರ ಬಂದು ದಿನವನ್ನಲ್ಲ, ಗಳಿಗೆಯನ್ನೇ ಹಿಡಿದು ಮೇಜಿನ ಮೇಲೆ ಕುಳಿತಿತ್ತು.

ಮರುದಿನ ಸೊಸೆ ಬುತ್ತಿ ಹಿಡಿದು ಅಂಗಡಿಗೆ ಬಂದಾಗ ಕಿರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಹಿಂಬದಿಯ ಮುಚ್ಚಳ ತೆಗೆದಿದ್ದ. ಗಡಿಯಾರ ಬಿಚ್ಚಿದ ರಿಪೇರಿಯವನು ಮುಚ್ಚಳದ ಒಳಮೈಯಲ್ಲಿ ತನ್ನದೊಂದು ಸಣ್ಣ ಗೀರು ಹಾಕುವುದು ಆ ಕಸುಬಿನ ರಿವಾಜು. ಅಲ್ಲಿ ತಂದೆಯ ಗೀರುಗಳು ಸಾಲಾಗಿದ್ದವು. ಅವುಗಳ ಮೇಲೆ, ಯಾವುದೋ ದೂರದ ನೆಲದ ಕೆಂಪು ಮಣ್ಣು ಒಣಗಿ ಅಂಟಿತ್ತು.

“ಅತ್ತಿಗೆ, ಅಮ್ಮನಿಗೆ ಆ ಹೊತ್ತು ಯಾಕೆ ಬೇಡ ಅಂತ...”

“ಗೊತ್ತಪ್ಪ. ಅವತ್ತು ಗಿರಣಿಗೆ ರಜೆ. ಬೀದಿಗೆಲ್ಲ ಕೇಳಿಸಿದ್ದು ನನಗೆ ಕೇಳಿಸದೇ ಇರುತ್ತಾ?” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಅವರನ್ನ ಚುಚ್ಚೋಕೆ ಅಂತ ನಾನು ಮುಳ್ಳು ಉಳಿಸು ಅಂತಿಲ್ಲ. ಆ ಹೊತ್ತಿಗೆ ನನ್ನ ಕೈಯಲ್ಲಿ ಅವರ ಅಂಗಿ ಇತ್ತು. ಎಷ್ಟೋ ಹರದಾರಿ ಆಚೆ ಅವರು ಬೀಳೋವಾಗ, ಇಲ್ಲಿ ನಾನು ಅವರ ಅಂಗಿ ಹಿಡ್ಕೊಂಡಿದ್ದೆ... ಅಷ್ಟು ಬಿಟ್ರೆ ನನಗೆ ಇನ್ನೇನು ಉಳಿದಿದೆ, ನೀನೇ ಹೇಳು!”

ಅವನು ತಲೆಯೆತ್ತಲಿಲ್ಲ. ಭೂತಗನ್ನಡಿಯ ಒಳಗೆ ನೀರು ತುಂಬಿ ಚಕ್ರಗಳೆಲ್ಲ ಕಲಸಿಹೋಗಿದ್ದವು.

ಗಡಿಯಾರ ಓಡಿದರೆ ಮುಳ್ಳು ಸರಿಯುತ್ತದೆ; ಮುಳ್ಳು ಸರಿದರೆ ಅತ್ತಿಗೆಯ ಗಳಿಗೆ ಹೋಗುತ್ತದೆ. ಮುಳ್ಳು ಉಳಿದರೆ ತಾಯಿ ಉಳಿಯುವುದಿಲ್ಲ. ಹಲವು ದಿನ ಅವನು ಅನ್ನವನ್ನು ಕಲಸುತ್ತ ಕುಳಿತನೇ ಹೊರತು ಉಣ್ಣಲಿಲ್ಲ. ಕಡೆಗೆ ದಾರಿ ತೋರಿಸಿದ್ದು ಒಂದು ದೋಷ. ಮುಳ್ಳುಗಳನ್ನು ಹೊತ್ತ ಪುಟ್ಟ ಕೊಳವೆ ಒಳಗಿನ ಕಡ್ಡಿಯನ್ನು ಬಿಗಿಯಾಗಿ ಹಿಡಿದಿರಬೇಕು. ಅದು ಸಡಿಲವಾದರೆ ಯಂತ್ರ ತನ್ನ ಪಾಡಿಗೆ ಓಡುತ್ತದೆ, ಮುಳ್ಳು ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಅಂಥ ಗಡಿಯಾರ ಬಂದಾಗಲೆಲ್ಲ ತಂದೆ, “ಮಾತು ಜಾಸ್ತಿ, ಕೆಲಸ ನಾಸ್ತಿ” ಎಂದು ನಗುತ್ತ ಚಿಮಟದಿಂದ ಕೊಳವೆಯನ್ನು ಬಿಗಿಮಾಡುತ್ತಿದ್ದ. ಮಗ ಈಗ ಅದನ್ನೇ ಬೇಕೆಂದೇ ಸಡಿಲಗೊಳಿಸಿದ!

ಪಕ್ಕದ ಅಂಗಡಿಯ ದರ್ಜಿ ಬಗ್ಗಿ ನೋಡಿ, “ಏನಯ್ಯಾ ಇದು? ಗುಂಡಿ ಕಿತ್ತು ಅಂಗಿ ಕೊಟ್ಟ ಹಾಗಾಯ್ತಲ್ಲ! ನಿಮ್ಮಪ್ಪ ನೋಡಿದ್ರೆ ಕಿವಿ ಹಿಂಡ್ತಿದ್ರು” ಎಂದ.

“ಹಿಂಡ್ತಿದ್ರು ಅಣ್ಣ. ಆಮೇಲೆ ಸುಮ್ಮನೆ ಬೆನ್ನು ತಟ್ಟಿ ಹೋಗ್ತಿದ್ರು.”

ಟಿಕ್ ಟಿಕ್ ಮಿಡಿಸುವ ಬ್ಯಾಲೆನ್ಸ್ ಚಕ್ರ ಮುರಿದಿತ್ತು; ಅದಕ್ಕೆ ಅದೇ ಕಾಲದ ಇನ್ನೊಂದು ಗಡಿಯಾರದಿಂದ ಜೋಡಿ ಹುಡುಕಿ ಕೂರಿಸಿದ. ತುಕ್ಕನ್ನು ಕೂದಲೆಳೆಯಷ್ಟೇ ಕೆರೆದ. ಹೊಸ ಗಾಜು ಹಾಕಿದ. ಆದರೆ ನೆಗ್ಗಿದ ಮಗ್ಗುಲನ್ನು ಸರಿಪಡಿಸಲಿಲ್ಲ. ಡಯಲ್ಲಿನ ಕಲೆಯನ್ನು ಒರೆಸಲಿಲ್ಲ. ಕೆಂಪು ಮಣ್ಣನ್ನು ಒಡೆದ ಗಾಜಿನ ಚೂರುಗಳೊಂದಿಗೆ ಪುಟ್ಟ ಡಬ್ಬಿಯಲ್ಲಿ ತೆಗೆದಿಟ್ಟ. ಕೊನೆಗೆ ತಂದೆಯ ಗೀರುಗಳ ಕೆಳಗೆ ತನ್ನದೊಂದು ಗೀರು ಎಳೆದು ಮುಚ್ಚಳ ಮುಚ್ಚಿದ.

ತಾಯಿ ಅದನ್ನು ಕಿವಿಗಿಟ್ಟುಕೊಂಡಾಗ ಅವಳ ಮುಖದ ಸುಕ್ಕುಗಳೆಲ್ಲ ಒಮ್ಮೆಗೇ ಕರಗಿದವು. “ಓಡ್ತಿದೆ... ಅಯ್ಯೋ ನನ್ನ ಕಂದಾ, ಓಡ್ತಿದೆ ಕಣೋ!” ಎಂದು ಅತ್ತಳು. ಅತ್ತು ಮುಗಿದ ಮೇಲೆ, “ಎಷ್ಟು ತೋರಿಸ್ತಿದೆ ಈಗ?” ಎಂದಳು.

ಕಿರಿಯವನು ಅತ್ತಿಗೆಯತ್ತ ನೋಡಿದ. ನಿಂತ ಮುಳ್ಳುಗಳನ್ನು ಅವಳು ಆಗಲೇ ಕಂಡಿದ್ದಳು. ಕೈಮುಗಿಯುವಂತೆ ಒಂದು ಸಲ ಮೈದುನನತ್ತ ನೋಡಿ, ಬಳಿಕ ಗೋಡೆಯ ಗಡಿಯಾರದತ್ತ ಕತ್ತೆತ್ತಿ, “ಹತ್ತೂಕಾಲು ಅತ್ತೆ” ಎಂದಳು.

ಅಂದಿನಿಂದ ಬೆಳಿಗ್ಗೆ ಗಡಿಯಾರಕ್ಕೆ ಕೀಲಿ ಕೊಡುವುದೂ, ಕೇಳಿದಾಗಲೆಲ್ಲ ಬಂದು ಕುಳಿತು ಹೊತ್ತು ಹೇಳುವುದೂ ಸೊಸೆಯ ಪಾಲಿನ ಕೆಲಸವಾಯಿತು. “ಎಲ್ಲಿ ಸತ್ತೆಯೇ ಅಂಗಿ ಸುಟ್ಟವಳೇ, ಹೊತ್ತೆಷ್ಟಾಯ್ತು?” ಎಂಬ ಕೂಗು ಬರಬರುತ್ತ “ಎಲ್ಲಿದ್ದೀಯೇ?” ಎಂಬಷ್ಟಕ್ಕೆ ಇಳಿಯಿತು. ಹೊತ್ತು ಕೇಳುವ ನೆಪದಲ್ಲಿ ಮೊಣಕಾಲಿನ ನೋವು, ನೀರಿನ ಬಿಸಿ, ಮಗ ಚಿಕ್ಕವನಿದ್ದಾಗಿನ ಹಟಗಳು, ಎಲ್ಲವೂ ಮಾತಿಗೆ ಬರತೊಡಗಿದವು. ಸೊಸೆಯ ಅಣ್ಣ ತವರಿಗೆ ಕರೆದೊಯ್ಯಲು ಬಂದ ದಿನ ಅವಳು ಅಂಗಳದಲ್ಲಿ ನಿಂತು ತಗ್ಗಿದ ದನಿಯಲ್ಲಿ, “ಇಲ್ಲ ಅಣ್ಣ... ನಾನು ಬಂದ್ರೆ ಅವರಿಗೆ ಹೊತ್ತು ಹೇಳೋರು ಯಾರು?” ಎಂದಳು. ಕಣ್ಣಿಲ್ಲದವರ ಕಿವಿಗೆ ದನಿ ತಗ್ಗಿಸಿದರೇನು ಬಂತು!

ಮರುದಿನ ಮಧ್ಯಾಹ್ನ ಗಿರಣಿಯ ಸೈರನ್ ಕೂಗಿತು. ಬೀದಿಯ ಮಾತುಗಳೆಲ್ಲ ಅರ್ಧಕ್ಕೆ ನಿಂತವು. ಕಿರಿಯವನು ಊಟಕ್ಕೆ ತಡವಾಗಿ ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಸದ್ದು ಅಡಗಿದ ಮೇಲೆ ತಾಯಿ ಅಂಗೈಯಲ್ಲಿ ಗಡಿಯಾರ ಹಿಡಿದು ಸೊಸೆಯನ್ನು ಹತ್ತಿರ ಕೂರಿಸಿಕೊಂಡಳು.

“ಈಗ ಹೇಳು, ಎಷ್ಟಿದೆ?”

“ಮೂರೂಮುಕ್ಕಾಲು ಅತ್ತೆ.”

ಮುದುಕಿ ಸೊಸೆಯತ್ತ ಕಿವಿ ವಾಲಿಸಿದಳು. “ಈ ಸಲ ಮಾತ್ರ ನಿನ್ನ ದನಿ ನೆಟ್ಟಗೆ ನನ್ನ ಅಂಗೈಗೆ ಬಂತು ಕಣೇ. ಬೇರೆ ಹೊತ್ತಲ್ಲೆಲ್ಲ ಗೋಡೆಗೆ ಹೋಗಿ ಬರುತ್ತೆ... ಗಡಿಯಾರ ನನ್ನ ಕೈಲಿದ್ರೆ ನೀನು ಗೋಡೆ ಯಾಕೆ ನೋಡ್ತೀಯ ಅಂತ ಮೊದಲನೇ ದಿನವೇ ಯೋಚಿಸಿದ್ದೆ. ಮುಳ್ಳು ನಿಂತೇ ಇದೆ, ಅಲ್ವಾ?”

ಹೊಸ್ತಿಲಲ್ಲಿ ಕಿರಿಯವನು ಗೋಡೆ ಹಿಡಿದು ನಿಂತ.

“ನಿಲ್ಲಲಿ ಬಿಡು. ಓಡಿಸಿದ್ರೆ ಆಡಿದ್ದು ಹೋಗುತ್ತಾ? ನಿನ್ನೆ ನೀನು ತವರಿಗೆ ಹೋಗಿಬಿಡ್ತೀಯ ಅಂತ ಎದೆ ಒಡ್ಕೊಂಡು ಕೂತಿದ್ದೆ ನಾನು...” ಮುದುಕಿಯ ಬೆರಳುಗಳು ನೆಗ್ಗಿದ ಮಗ್ಗುಲಿನ ಮೇಲೆ ಆಡಿದವು. “ಒಂದು ಕೇಳ್ತೀನಿ, ಸುಳ್ಳು ಹೇಳಬೇಡ. ಅವತ್ತು ಅಂಗಿ ಸುಟ್ಟಾಗ... ಈ ಹೊತ್ತಲ್ಲಿ... ನಾನು ನಿನಗೆ ಏನು ಅಂದೆ? ನಿನಗೆ ಕೇಳಿಸ್ತಾ?”

ಸೊಸೆ ಅತ್ತೆಯ ಅಂಗೈಯಲ್ಲಿದ್ದ ಗಡಿಯಾರದತ್ತ ನೋಡಿದಳು. ಕಂದು ಕಲೆಯ ಮೇಲೆ ಎರಡು ಮುಳ್ಳುಗಳು ಅಲುಗದೆ ನಿಂತಿದ್ದವು. ಒಳಗೆ ಯಂತ್ರ ಮಾತ್ರ ಬಿಡುವಿಲ್ಲದೆ ಮಿಡಿಯುತ್ತಿತ್ತು.

“ಇಲ್ಲ ಅತ್ತೆ. ಆಗ ಸೈರನ್ ಕೂಗ್ತಿತ್ತಲ್ಲ... ನೀವೇನೋ ಅಂದ ಹಾಗಿತ್ತು. ನನಗೆ ಏನೂ ಕೇಳಿಸಲಿಲ್ಲ.”

ಅಂದು ಗಿರಣಿಗೆ ರಜೆಯಿತ್ತೆಂಬುದು ಆ ಮನೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಮುದುಕಿಯ ಕಾಣದ ಕಣ್ಣುಗಳಿಂದ ನೀರು ಇಳಿದು ಗಡಿಯಾರದ ಹೊಸ ಗಾಜಿನ ಮೇಲೆ ಬಿತ್ತು. “ಹೌದು ಕಣೇ...” ಎಂದಳು. “ಅವತ್ತು ಸೈರನ್ ತುಂಬಾ ಹೊತ್ತು ಕೂಗ್ತು.” ಆಮೇಲೆ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು, ಅಂದು ನುಂಗಿಕೊಂಡಿದ್ದ ಮಾತನ್ನು ಅವಳ ಕೂದಲಿನೊಳಗೆ ಪಿಸುಗುಟ್ಟಿದಳು. “ಬಿಡ್ತು... ಬಿಡ್ತು...”

ಹೊಸ್ತಿಲಲ್ಲಿ ನಿಂತವನು ಒಳಗೆ ಬರಲಿಲ್ಲ. ಬಿಟ್ಟ ಚಪ್ಪಲಿಗಳನ್ನು ಸದ್ದಾಗದಂತೆ ಮತ್ತೆ ಮೆಟ್ಟಿಕೊಂಡು, ಹಸಿದ ಹೊಟ್ಟೆಯಲ್ಲೇ ಅಂಗಡಿಗೆ ಹಿಂದಿರುಗಿದ.